ತಿರುವಿನಲ್ಲಿ ಬಾಯಾರುವ ಎಂಜಿನು

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟೆಗೆ, ಯಲ್ಲಾಪುರದಿಂದ ಅರಬೈಲು ಘಟ್ಟ ಇಳಿದು ಅಂಕೋಲೆಗೆ, ಸಿದ್ದಾಪುರದಿಂದ ದೊಡ್ಮನೆ ಘಟ್ಟದ ದಾರಿಯಾಗಿ ಮತ್ತೆ ಕುಮಟೆಗೆ – ಇವುಗಳಲ್ಲಿ ಒಂದರಲ್ಲಾದರೂ ನೀವು ಮೋಟಾರಿನಲ್ಲಿ ಹೋಗಿರಬಹುದು. ಕೈಯಲ್ಲಿ ಕಷಾಯದ ಲೋಟವಿದ್ದರೆ ಏನಾಗುವುದೆಂದು ಹೇಳಬೇಕಾಗಿಲ್ಲ. ಗಾಡಿ ಎಡಕ್ಕೆ ತಿರುಗಿದಾಗ ಕಷಾಯ ಬಲದಂಚಿಗೆ ಏರುತ್ತದೆ. ಎಂಜಿನಿನ ತಳದಲ್ಲಿರುವ ಎಣ್ಣೆಯ ತೊಟ್ಟಿಯಲ್ಲೂ ನಡೆಯುವುದು ಇದೇ. ಅದನ್ನು ಮೋಟಾರಿನವರು ಸಂಪು ಎನ್ನುತ್ತಾರೆ.

ಸಾಮಾನ್ಯ ಕಾರಿನ ಸಂಪಿನಲ್ಲಿ ಮೂರು ನಾಲ್ಕು ಲೀಟರು ಎಣ್ಣೆ. ಅದರಲ್ಲಿ ಮುಳುಗಿರುವ ಕೊಳವೆಯ ಬಾಯಿಂದ ಪಂಪು ಎಣ್ಣೆಯನ್ನು ಹೀರಿ ಬೇರಿಂಗುಗಳಿಗೆ ಕಳುಹಿಸುತ್ತದೆ. ಅಲ್ಲಿ ಉಕ್ಕಿನ ದಂಡವು ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರದ ಮೇಲೆ ತೇಲುತ್ತ ತಿರುಗುತ್ತದೆ. ಎಣ್ಣೆ ಒಂದು ಗೋಡೆಗೆ ಸರಿದು ಕೊಳವೆಯ ಬಾಯಿ ಬಯಲಾಯಿತೋ, ಪಂಪು ಗಾಳಿಯನ್ನು ಹೀರುತ್ತದೆ. ಗಾಳಿಯ ಮೇಲೆ ಉಕ್ಕು ತೇಲಲಾರದು. ನಿಮಿಷಕ್ಕೆ 6000 ಸುತ್ತಿನ ವೇಗದಲ್ಲಿ ಎರಡು ಸೆಕೆಂಡಿಗೆ 200 ಸುತ್ತು. ಬೇರಿಂಗು ಕೆಡಲು ಹೆಚ್ಚು ಹೊತ್ತು ಬೇಕಿಲ್ಲ.

ನಿಧಾನವಾಗಿ ಘಟ್ಟ ಇಳಿಯುವ ಸಂಸಾರಸ್ಥರು ಇದಕ್ಕೆ ಹೆದರಬೇಕಾಗಿಲ್ಲ. ನಾನು ಹೇಳುತ್ತಿರುವುದು ಬಯಲಿನ ಆಟೋಕ್ರಾಸಿಗೋ ರಸ್ತೆಯ ಪಂದ್ಯಕ್ಕೋ ಮನೆಯ ಕಾರನ್ನೇ ಒಯ್ಯುವ ತರುಣರಿಗೆ. ತಿರುವಿನ ಸೆಳೆತ ಭೂಮಿಯ ಸೆಳೆತದ ಅರ್ಧದಷ್ಟಾದರೆ ಎಣ್ಣೆಯ ಮಟ್ಟ ಸುಮಾರು 27 ಡಿಗ್ರಿ ವಾಲುತ್ತದೆ, ಸಮವಾದರೆ 45. ಒಳ್ಳೆಯ ಟೈರುಗಳು ಡಾಂಬರಿನ ಮೇಲೆ ಈ ಎರಡನೆಯ ಲೆಕ್ಕದ ಹತ್ತಿರ ಹೋಗಬಲ್ಲವು. ಚುರುಕಾದ ಗಿಡ್ಡ ತಿರುವಿಗಿಂತ ಉದ್ದವಾದ ಸುತ್ತುತಿರುವೇ ಹೆಚ್ಚು ಕೆಟ್ಟದ್ದು; ಸರಿದ ಎಣ್ಣೆಗೆ ಮರಳಿ ಬರಲು ಅಲ್ಲಿ ಬಿಡುವಿಲ್ಲ.

ಮೊದಲ ಉಪಾಯಕ್ಕೆ ಖರ್ಚೇ ಇಲ್ಲ. ಅಳತೆಕಡ್ಡಿಯ ಎರಡು ಗುರುತುಗಳ ನಡುವೆ ಸಾಮಾನ್ಯವಾಗಿ ಒಂದು ಲೀಟರಿನಷ್ಟು ಅಂತರ. ದಿನದ ಓಡಾಟಕ್ಕೆ ಕೆಳಗುರುತು ಸಾಕಾದೀತು, ಪಂದ್ಯಕ್ಕೆ ಮೇಲುಗುರುತೇ ಬೇಕು. ಅಳೆಯುವುದು ಸಮನೆಲದ ಮೇಲೆ. ಅಡಿಕೆ ತೋಟದ ಮೇಲಣ ಇಳಿಜಾರಿನಲ್ಲಿರುವ ನಮ್ಮ ಕಡೆಯ ಅಂಗಳಗಳಲ್ಲಿ ಕಡ್ಡಿ ಸುಳ್ಳು ಹೇಳುತ್ತದೆ. ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಮೇಲುಗುರುತು ಮೀರಿ ಸುರಿದರೆ ಕ್ರ್ಯಾಂಕು ಎಣ್ಣೆಯನ್ನು ಕಡೆದು ನೊರೆಯೆಬ್ಬಿಸುತ್ತದೆ. ಮಜ್ಜಿಗೆ ಕಡೆದವರಿಗೆ ಗೊತ್ತು. ನೊರೆಯೆಂದರೆ ಮತ್ತೆ ಗಾಳಿಯೇ.

ಎರಡನೆಯದು ಸಂಪಿನೊಳಗೆ ಅಡ್ಡತಗಡುಗಳನ್ನು ಕೂಡಿಸುವುದು. ಕೊಳವೆಯ ಸುತ್ತ ಚಿಕ್ಕ ಕೋಣೆ ಕಟ್ಟಿ, ಒಳಮುಖವಾಗಿ ಮಾತ್ರ ತೆರೆಯುವ ಕದಗಳನ್ನು ಇಟ್ಟರೆ, ಒಳಬಂದ ಎಣ್ಣೆ ಬೇಗ ಹೊರಗೋಡದು. ಒಳ್ಳೆಯ ಬೆಸುಗೆಗಾರನ ಕೈಗೆ ಸಿಗುವ ಕೆಲಸವಿದು. ಹೊಸಬನು ಮೊದಲು ಹಣ ಹಾಕಬೇಕಾದದ್ದೂ ಇಲ್ಲಿಯೇ ಎಂಬುದು ನನ್ನ ಎಣಿಕೆ, ಬಣ್ಣದ ಪಟ್ಟೆಗಳಿಗಲ್ಲ. ಒತ್ತಡದಲ್ಲಿ ಎಣ್ಣೆ ಕೂಡಿಟ್ಟು, ಪಂಪು ಸೋತಾಗ ಬಿಡುವ ಪಾತ್ರೆಗಳೂ ಉಂಟು. ಪೂರ್ಣ ಪಂದ್ಯದ ಕಾರುಗಳಲ್ಲಿ ಎಣ್ಣೆ ಸಂಪಿನಲ್ಲಿ ನಿಲ್ಲುವುದೇ ಇಲ್ಲ. ಬೇರೆ ಪಂಪುಗಳು ಅದನ್ನು ಎತ್ತರದ ತೊಟ್ಟಿಗೆ ಸಾಗಿಸುತ್ತವೆ. 1960ರ ದಶಕದ ಪೋರ್ಷೆ 911 ಕಾರಿನಲ್ಲೇ ಈ ಏರ್ಪಾಡಿತ್ತು.

ಇನ್ನು ಆ ಕೆಂಪು ದೀಪ. ಒತ್ತಡ ತೀರ ಕುಸಿದ ಮೇಲೆಯೇ ಅದು ಹೊತ್ತುತ್ತದೆ. ಒತ್ತಡದ ಮುಳ್ಳುಳ್ಳ ಮಾಪಕವನ್ನು ಕಣ್ಣಿಗೆ ಬೀಳುವಲ್ಲಿ ಹಾಕಿಸಿ. ತಿರುವಿನಲ್ಲಿ ಮುಳ್ಳು ಬಿದ್ದರೆ ಕೂಡಲೆ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಘಟ್ಟದ ಇಳಿಜಾರಿನಲ್ಲಿ ಮಾತ್ರ ಎಂಜಿನು ಆರಿಸಬೇಡಿ, ಬ್ರೇಕಿನ ನೆರವು ಹೋದೀತು. ಮೊದಲು ಗಾಡಿ ನಿಲ್ಲಲಿ. ಕಲ್ಲು ಬಡಿದು ಸಂಪಿನ ತಳ ತಗ್ಗಾಗಿದ್ದರೆ, ಎಣ್ಣೆ ಸೋರದಿದ್ದರೂ, ಕೊಳವೆಯ ಬಾಯಿ ಮುಚ್ಚಿರಬಹುದು.

ಮುಳ್ಳು ತಿರುಗಿ ಮೇಲೇರಿತೆಂದು ಇನ್ನೊಂದು ಸುತ್ತಿಗೆ ಹೊರಡಬೇಡಿ. ಎಣ್ಣೆ ಸೋಸುವ ಫಿಲ್ಟರನ್ನು ಕತ್ತರಿಸಿ, ಅದರ ಕಾಗದದ ಮಡಿಕೆಗಳನ್ನು ಬಿಸಿಲಿಗೆ ಹಿಡಿದು ನೋಡಿ. ಲೋಹದ ಪುಡಿ ಮಿನುಗಿದರೆ ಸಂಪನ್ನು ಇಳಿಸಿ ಬೇರಿಂಗು ನೋಡಲೇಬೇಕು.