ಗೇಟು ಹಾಕಿದವರು ನಾವೇ!
(ಮಾಡದಕೆರೆಯಲ್ಲಿ ಮಾಡಿದ ಭಾಷಣ)



ನಮ್ಮ ಹುಡುಗರು ಹೊಸದುರ್ಗದಲ್ಲಿ ಬಸ್ ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ಹಬ್ಬಕ್ಕೆ ವಾಪಸ್ ಬರುತ್ತಾರೆ. ದಾರಿಯಲ್ಲಿ ಯಾರೂ ಚೀಟಿ ಕೇಳುವುದಿಲ್ಲ. ಕೇಳಿದ್ದರೆ? ಊರಿಗೆ ಬಂದರೆ ಮತ್ತೆ ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಹೆದರಿ ಹಬ್ಬಕ್ಕೂ ಬರುತ್ತಿರಲಿಲ್ಲ. ಹೆಂಡತಿ ಮಕ್ಕಳನ್ನೇ ಅಲ್ಲಿಗೆ ಕರೆಸಿಕೊಳ್ಳುತ್ತಿದ್ದರು. ಅಮೆರಿಕದಲ್ಲಿ ಆದದ್ದೂ ಇದೇ. 1994ರಲ್ಲಿ ಸ್ಯಾನ್ ಡಿಯಾಗೋ ಬಳಿ ಕಾವಲು ಬಿಗಿ ಮಾಡಿದರು. ಮೆಕ್ಸಿಕೋದ ಕೂಲಿಗಳು ಅರಿಜೋನಾದ ಮರಳುಗಾಡು ಹಾದು ಬಂದರು, ಎಷ್ಟೋ ಮಂದಿ ದಾರಿಯಲ್ಲೇ ಸತ್ತರು. ದಾಟಿದವರಲ್ಲಿ ಬಹಳ ಜನ ಸುಗ್ಗಿ ಮುಗಿದರೂ ಹಿಂತಿರುಗಲಿಲ್ಲ, ಅಲ್ಲೇ ಬೇರು ಬಿಟ್ಟರು.

ಈಗ ಕಾಸರಗೋಡಿಗೆ ಬನ್ನಿ. 1956ರಲ್ಲಿ ಗೆರೆ ಎಳೆದು ಕೇರಳಕ್ಕೆ ಕೊಟ್ಟರು. ಆದರೂ ಮಂಜೇಶ್ವರದ ಕನ್ನಡಿಗ ಊರು ಬಿಡಲಿಲ್ಲ. ಯಾಕೆ? ಮಂಗಳೂರು ಹತ್ತಿರ, ತಲಪಾಡಿ ತೆರೆದಿತ್ತು. ಮನೆ ಆಚೆ, ಕಾಲೇಜು, ಕೆಲಸ, ಆಸ್ಪತ್ರೆ ಈಚೆ. 2020ರ ಮಾರ್ಚ್‌ನಲ್ಲಿ ಕೊರೋನಾ ಬಂದಾಗ ಆ ದಾರಿ ಮುಚ್ಚಿದ್ದು ಯಾರು? ಕೇರಳವಲ್ಲ ಸ್ವಾಮಿ, ನಮ್ಮದೇ ಸರ್ಕಾರ! ಒಳರಸ್ತೆಗಳಿಗೆ ಮಣ್ಣು ಸುರಿದರು. ಆಂಬುಲೆನ್ಸ್‌ಗಳೂ ನಿಂತವು, ರೋಗಿಗಳು ಸತ್ತರು. ಮಾತು ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೆ ಹೋದ ಮೇಲೆ ಏಪ್ರಿಲ್‌ನಲ್ಲಿ ರೋಗಿಗಳಿಗೆ ದಾರಿ ಬಿಟ್ಟರು. 2021ರಲ್ಲಿ ಮತ್ತೆ ಪರೀಕ್ಷೆಯ ಚೀಟಿ ಕೇಳಿದರು.

ರೋಗ ತಡೆಯಬೇಕಿತ್ತು, ಒಪ್ಪುತ್ತೇನೆ. ಆದರೆ ಗೇಟು ಯಾವಾಗ ಬೀಳುತ್ತದೋ ಎಂಬ ಭಯ ಹೊಕ್ಕರೆ, ಅನುಕೂಲವಿದ್ದವನು ಮಂಗಳೂರಿನಲ್ಲಿ ಮನೆ ಮಾಡುತ್ತಾನೆ. ಇಲ್ಲದವನು ಮಗುವನ್ನು ಮಲಯಾಳಂ ಶಾಲೆಗೆ ಸೇರಿಸುತ್ತಾನೆ. ಆಗ ಅಲ್ಲಿನ ಕನ್ನಡ ಶಾಲೆಯ ಬೆಂಚಿನ ಮೇಲೆ ಕೂರುವವರು ಯಾರು?