ಎಡೆ ಹೊಡೆಯುವ ಯಂತ್ರ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಕಳೆ ತೆಗೆಯುವ ಯಂತ್ರದ ಮಾತೇ ಹೆಚ್ಚು. ಸಾಲುಗಳ ನಡುವೆ ಕಳೆ ತೆಗೆಯುವ ಎಡೆಕುಂಟೆಗೆ ಎತ್ತು ಸಿಗದ ರೈತರು ಈಗ ಪವರ್ ವೀಡರ್ ಹಿಂದೆ ನಡೆಯುತ್ತಾರೆ.

ಅಂಗಡಿಯಲ್ಲಿ ಮೊದಲ ಪ್ರಶ್ನೆ, ‘ಎಷ್ಟು ಎಚ್‌ಪಿ?’ ನನ್ನನ್ನು ಕೇಳಿದರೆ, ಮೊದಲು ಹೊಲಕ್ಕೆ ಹೋಗಿ ಸಾಲಿನ ಅಂತರ ಅಳೆಯಿರಿ. ಬ್ಯಾಡಗಿ ಮೆಣಸಿನಕಾಯಿಯ ಗಿಡ ಟೊಂಗೆ ಚಾಚಿದ ಮೇಲೆ ಸಾಲು ಇಕ್ಕಟ್ಟಾಗುತ್ತದೆ. ಅಗಲದ ಬ್ಲೇಡು ಕಳೆಯ ಜೊತೆ ಬೇರನ್ನೂ ಕತ್ತರಿಸುತ್ತದೆ. ಬಾಡಿಗೆಗೆ ತಂದು ಒಂದು ದಿನ ಓಡಿಸಿ ನೋಡಿ, ಆಮೇಲೆ ದುಡ್ಡು ಬಿಚ್ಚಿ.

ಎರೆಮಣ್ಣು ಹಸಿಯಿದ್ದಾಗ ಬ್ಲೇಡಿಗೆ ಮೆತ್ತಿ ಉಂಡೆಗಟ್ಟುತ್ತದೆ. ಹದ ಬರುವವರೆಗೆ ಕಾಯಲೇಬೇಕು. ಒಣಗಿತೋ, ಧೂಳು ಏರ್ ಫಿಲ್ಟರಿಗೆ ಸೇರುತ್ತದೆ. ಫಿಲ್ಟರ್ ಕಟ್ಟಿಕೊಂಡ ಎಂಜಿನ್ ಕಪ್ಪು ಹೊಗೆ ಉಗುಳುತ್ತ ಪೆಟ್ರೋಲ್ ಕುಡಿಯುತ್ತದೆ. ಆಯಿಲ್ ಮಟ್ಟವನ್ನು ಸಮನೆಲದಲ್ಲಿ, ಎಂಜಿನ್ ನಿಲ್ಲಿಸಿ ನೋಡಿ. ಬ್ಲೇಡಿಗೆ ಸುತ್ತಿದ ಹುಲ್ಲು ಬಿಡಿಸುವ ಮುನ್ನ ಸ್ಪಾರ್ಕ್ ಪ್ಲಗ್ಗಿನ ವೈರ್ ಕಳಚಿ. ಬೆರಳು ಹೋಗುವುದು ಇಂಥ ಅವಸರದಲ್ಲೇ.

ಎಡೆ ಹೊಡೆಯುವ ಕೆಲಸ ಮುಗಿದು ಯಂತ್ರ ಮೂಲೆಗಿಡುವಾಗ ಟ್ಯಾಂಕಿನ ಪೆಟ್ರೋಲ್ ಬಸಿದು, ಕಾರ್ಬುರೇಟರ್ ಖಾಲಿಯಾಗುವ ತನಕ ಎಂಜಿನ್ ಓಡಿಸಿ. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಅಂಟಾಗಿ ಕಾರ್ಬುರೇಟರಿನ ಸಣ್ಣ ತೂತುಗಳನ್ನು ಮುಚ್ಚುತ್ತದೆ. ಮುಂದಿನ ಮುಂಗಾರಿನಲ್ಲಿ ಹಗ್ಗ ಎಳೆದೆಳೆದು ರಟ್ಟೆ ನೋಯುವುದು ಅದಕ್ಕೇ.