ಹಿಂದಿನ ಸೀಟಿನಲ್ಲಿ ಯಾರಿದ್ದಾರೆ?

ವ್ಹೀಲಿ ಮಾಡುವ ಹುಡುಗರ ವಿಡಿಯೋಗಳನ್ನು ನೀವೆಲ್ಲ ನೋಡಿರುತ್ತೀರಿ. ಸ್ಕೂಟರಿನ ಕನ್ನಡಿ ಬಿಚ್ಚಿರುತ್ತಾರೆ, ನಂಬರ್ ಪ್ಲೇಟ್ ಮಡಚಿರುತ್ತಾರೆ. ಮುಂದಿನ ಚಕ್ರ ಮೇಲೆದ್ದ ಗಳಿಗೆಯಲ್ಲಿ ಹುಡುಗನ ಕಣ್ಣು ರಸ್ತೆಯ ಮೇಲಿರುವುದಿಲ್ಲ. ಪಕ್ಕದ ಗಾಡಿಯಲ್ಲಿ ಮೊಬೈಲ್ ಹಿಡಿದು ಕೂತ ಗೆಳೆಯನ ಕಡೆಗಿರುತ್ತದೆ. ಇವತ್ತಿನ ನನ್ನ ಮಾತು ಆ ಗೆಳೆಯನ ಕುರಿತೇ.

ಈಗಿನ ಮಕ್ಕಳಿಗೆ ಅಪಾಯದ ಅರಿವೇ ಇಲ್ಲ ಎನ್ನುತ್ತೇವೆ. ನಾನು ಒಪ್ಪುವುದಿಲ್ಲ. ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಮಾರ್ಗೋ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ಹಳದಿ ದೀಪ ಬಿದ್ದ ಮೇಲೂ ಮುಂದೆ ಹೋದಷ್ಟು ಅಂಕ, ಗೋಡೆಗೆ ಗುದ್ದಿದರೆ ಅಂಕ ಹೋಯಿತು. ಒಬ್ಬರೇ ಕೂತು ಆಡಿದಾಗ 13ರಿಂದ 16ರ ಮಕ್ಕಳೂ ದೊಡ್ಡವರೂ ಹೆಚ್ಚುಕಮ್ಮಿ ಒಂದೇ ಥರ ಆಡಿದರು. ಗೆಳೆಯರು ಪಕ್ಕದಲ್ಲಿ ನಿಂತಾಗ ಮಕ್ಕಳ ದುಡುಕು ಇಮ್ಮಡಿಗೂ ಮೀರಿತು, ದೊಡ್ಡವರದು ಬದಲಾಗಲಿಲ್ಲ. 2011ರ ಇನ್ನೊಂದು ಅಧ್ಯಯನದಲ್ಲಿ ಗೆಳೆಯರು ಎದುರಿಗೂ ಇರಲಿಲ್ಲ. ಬೇರೆ ಕೋಣೆಯಿಂದ ನೋಡುತ್ತಿದ್ದಾರೆ ಎಂದು ತಿಳಿದಿದ್ದೇ ಸಾಕಾಯಿತು, ಮಿದುಳಿನಲ್ಲಿ ಖುಷಿಗೆ ಸ್ಪಂದಿಸುವ ಭಾಗ ಚುರುಕಾಯಿತು. ಮೊಬೈಲ್ ಕ್ಯಾಮೆರಾ ಮಾಡುವ ಕೆಲಸವೂ ಅದೇ ಅಲ್ಲವೇ?

ಹಾಗಾಗಿ ಬರೀ ಬುದ್ಧಿಮಾತಿನಿಂದ ಆಗುವುದು ಕಡಿಮೆ. ನ್ಯೂಜಿಲೆಂಡ್ 1987ರಲ್ಲೇ ಲೈಸೆನ್ಸನ್ನು ಹಂತಹಂತವಾಗಿ ಕೊಡತೊಡಗಿತು. ಅನುಭವಿ ಚಾಲಕರು ಜೊತೆಗಿಲ್ಲದೆ ರಾತ್ರಿ 10ರಿಂದ ಬೆಳಗಿನ 5ರವರೆಗೆ ಹೊಸಬರು ಗಾಡಿ ಓಡಿಸುವಂತಿಲ್ಲ, ಗೆಳೆಯರನ್ನು ಹತ್ತಿಸಿಕೊಳ್ಳುವಂತಿಲ್ಲ. ಹದಿಹರೆಯದವರು ಅಪಘಾತದಲ್ಲಿ ಗಾಯಗೊಳ್ಳುವುದು ಇಳಿಯಿತು. 2011ರಿಂದ ಅಲ್ಲಿ 20 ತುಂಬದವರು ಒಂದು ಗುಟುಕು ಕುಡಿದೂ ಗಾಡಿ ಮುಟ್ಟುವಂತಿಲ್ಲ.

ನಮ್ಮಲ್ಲಿ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಅಪ್ರಾಪ್ತ ಮಕ್ಕಳು ಗಾಡಿ ಓಡಿಸಿ ಅಪರಾಧ ಎಸಗಿದರೆ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಬೇಕಾದ ಕಾನೂನೇ. ಆದರೆ 18 ತುಂಬಿ ಲೈಸೆನ್ಸ್ ಕೈಗೆ ಬಂದ ದಿನವೇ ನಡುರಾತ್ರಿ ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಹೊರಟರೆ ತಡೆಯುವವರಿಲ್ಲ.

ಇದಕ್ಕೆ ಸರ್ಕಾರವನ್ನು ಕಾಯಬೇಕಿಲ್ಲ. ಮೊದಲ ವರ್ಷ ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ, ರಾತ್ರಿ ಹತ್ತರ ಮೇಲೆ ಕೀ ಸಿಗುವುದಿಲ್ಲ ಎಂದು ಮನೆಯಲ್ಲೇ ಕಟ್ಟು ಮಾಡಿ. ಜೊತೆಗೆ ಮಕ್ಕಳಿಗೊಂದು ಮಾತೂ ಕೊಡಿ: ನೀನೋ ನಿನ್ನ ಗೆಳೆಯನೋ ಕುಡಿದಿದ್ದರೆ ಎಷ್ಟೊತ್ತಾದರೂ ಫೋನ್ ಮಾಡು, ಬಂದು ಕರಕೊಂಡು ಹೋಗುತ್ತೇನೆ, ಆ ರಾತ್ರಿ ಬೈಯುವುದಿಲ್ಲ. ಅಪ್ಪನ ಬೈಗುಳಕ್ಕೆ ಹೆದರಿ ಕುಡಿದ ಗೆಳೆಯನ ಗಾಡಿ ಹತ್ತುವ ಮಕ್ಕಳಿದ್ದಾರೆ.